ನನ್ನ ಚೀಟಿಗೆ ಬಂದ ಟೀಚರ್

ರೂತ್ ಟೀಚರ್ ಮೊದಲ ದಿನವೇ ಶಾಲೆ ಬಿಟ್ಟು ಓಡಿಹೋಗದೆ ಇದ್ದದ್ದಕ್ಕೆ ಪ್ರಾರ್ಥನೆ ಕಾರಣವಲ್ಲ. ನಾನು ಗೇಟಿನ ಬೀಗ ತೆಗೆಯಲಿಲ್ಲ, ಅಷ್ಟೇ. ಪಾದ್ರಿಯವರು ಇವತ್ತಿಗೂ ದೇವರ ದಯೆ ಎನ್ನುತ್ತಾರೆ. ಅನ್ನಲಿ. ಕೀಲಿಕೈ ಮಾತ್ರ ನನ್ನ ಸೊಂಟದಲ್ಲಿತ್ತು.

ಗೋವಾದ ಬಂದರಿನ ಹತ್ತಿರ ಮಿಶನ್ನಿನವರು ನಡೆಸುತ್ತಿದ್ದ ಸಣ್ಣ ಕನ್ನಡ ಶಾಲೆ ಅದು. ಕಸ ಗುಡಿಸುವುದು, ಗಂಟೆ ಬಾರಿಸುವುದು, ಗೇಟು ಕಾಯುವುದು ನನ್ನ ಕೆಲಸ. ಮಕ್ಕಳಿಂದ ಹಿಡಿದು ಪಾದ್ರಿಯವರ ತನಕ ಎಲ್ಲರಿಗೂ ನಾನು ಆಯಿ. ಎದುರಿಗೇ ಅದಿರಿನ ಲಾರಿ ಓಡಾಡುವ ರಸ್ತೆ, ಅದಕ್ಕೇ ಗೇಟಿಗೆ ಸದಾ ಬೀಗ. ಮೊಬೈಲು ಆಗ ನಮ್ಮಂಥವರ ಕೈಗೆ ಬಂದಿರಲಿಲ್ಲ. ಊರಿಗೆ ಮಾತಾಡಬೇಕಾದರೆ ರೂಪಾಯಿ ಹಾಕುವ ಫೋನಿನ ಡಬ್ಬಿಯ ಮುಂದೆ ಸಾಲು ನಿಲ್ಲಬೇಕಿತ್ತು. ಜೂನ್ ತಿಂಗಳ ಮಳೆಗೆ ರಸ್ತೆಯ ಕೆಂಪು ನೀರು ಮಕ್ಕಳ ಬಿಳಿ ಕಾಲುಚೀಲಕ್ಕೆ ಹತ್ತುತ್ತಿತ್ತು. ಹೊಸ ರೇನ್‌ಕೋಟಿನ ವಾಸನೆ, ಹಳೇ ಗದ್ದಲ. ಈಗಲೂ ಮೊದಲ ಮಳೆ ಬಿದ್ದರೆ ನನ್ನ ಕೈ ಗಂಟೆಯ ಕೋಲು ಹುಡುಕುತ್ತದೆ. ವಯಸ್ಸಾಯಿತು, ಕೈಗೂ ಬುದ್ಧಿ ಇಲ್ಲ.

ಶಾಲೆ ಶುರುವಾಗುವ ದಿನ ಅಲ್ಲೊಂದು ಪದ್ಧತಿ. ಪಾದ್ರಿಯವರು ಪ್ರಾರ್ಥನೆ ಮುಗಿಸಿ, "ಹೆದರಬ್ಯಾಡ್ರಿ, ದೇವರು ನಿಮಗಿಂತ ಮೊದಲ ಹೋಗಿ ಕ್ಲಾಸಿನ್ಯಾಗ ಕುಂತಾನ" ಎಂದು ಮಕ್ಕಳಿಗೂ ಟೀಚರುಗಳಿಗೂ ಧೈರ್ಯ ಹೇಳುತ್ತಿದ್ದರು. ಆಮೇಲೆ ಬಿಸ್ಕೀಟಿನ ಡಬ್ಬಿಯಿಂದ ಎಲ್ಲರೂ ಒಂದೊಂದು ಚೀಟಿ ಎತ್ತಬೇಕು. ಅದರಲ್ಲಿ ಯಾರ ಹೆಸರಿದೆಯೋ ಅವರಿಗಾಗಿ ವರ್ಷವಿಡೀ ಪ್ರಾರ್ಥಿಸಬೇಕು. ನನ್ನ ಚೀಟಿಯನ್ನು ಕ್ಲಾರ್ಕ್ ಓದಿ ಹೇಳಿದ: ರೂತ್ ಟೀಚರ್. ಧಾರವಾಡದಿಂದ ಹೊಸದಾಗಿ ಬಂದ ಹುಡುಗಿ.

"ನಮ್ಮ ಎಲ್ಲಮ್ಮಗ ಹೇಳಿದ್ರ ನಡೀತೈತೇನ್ರಿ?" ಎಂದೆ.

ಪಾದ್ರಿಯವರು ನಕ್ಕರು. "ನೀವು ಹೇಳೂದು ಹೇಳ್ರಿ ಆಯಿ. ಕೇಳವಗ ಕೇಳತೈತಿ."

ಚೀಟಿಯನ್ನು ಎಲೆ-ಅಡಿಕೆ ಸಂಚಿಗೆ ಸೇರಿಸಿ ಮರೆತೆ. ಹತ್ತೂವರೆಗೆ ರೂತ್ ಟೀಚರ್ ಬ್ಯಾಗು, ಛತ್ರಿ ಸಮೇತ ಗೇಟಿಗೆ ಬಂದಳು. ಕಣ್ಣು ಕೆಂಪಾಗಿದ್ದವು.

"ಬೀಗ ತಗೀರಿ ಆಯಿ. ನಾ ಊರಿಗೆ ಹೊಂಟೇನಿ."

"ಶಾಲಿ ಬಿಡೂದು ಒಂದೂವರಿಗೆ."

"ನನ್ನ ಕೈಲೆ ಆಗಂಗಿಲ್ರಿ. ನಾಕನೇ ಇಯತ್ತೆ ಹುಡುಗರು ಬೆಂಚ್ ಬಡದು ಬಡದು ನನ್ನ ಮಾತ ಕೇಳಗೊಡವಲ್ರು."

"ಮೊದಲನೇ ದಿನ ಎಲ್ಲಾ ಅಕ್ಕೋರೂ ಅಳ್ತಾರ. ಹ್ವಾದ ವರ್ಷದವರು ಸಂಡಾಸಿನ್ಯಾಗ ಅತ್ತರು. ನಿಮಗ ಗೇಟ್ ಬೇಕಾತು."

"ಚಾಷ್ಟಿ ಮಾಡಬ್ಯಾಡ್ರಿ, ತಗೀರಿ!"

ನಾನು ಎರಡನೇ ಇಯತ್ತೆಯಲ್ಲಿ ಓಡಿಬಂದಾಗ ನಮ್ಮೂರ ಶಾಲೆಗೆ ಗೇಟೇ ಇರಲಿಲ್ಲ. ಹೋದೆಯಲ್ಲ ಎಂದು ಕೇಳುವವರೂ ಇರಲಿಲ್ಲ. ಅದನ್ನೆಲ್ಲ ಆಕೆಗೆ ಹೇಳುತ್ತ ಕೂರಲಿಲ್ಲ. ಸಂಚಿ ಬಿಚ್ಚಿ, ಸುಣ್ಣ ಹತ್ತಿದ ಚೀಟಿ ತೆಗೆದು ಮುಂದೆ ಹಿಡಿದೆ.

"ಇದರಾಗ ನಿಮ್ಮ ಹೆಸರೈತಂತ. ವರ್ಷ ತನಕಾ ಪ್ರಾರ್ಥನಿ ಮಾಡಂದಾರ. ನಾ ಇನ್ನೂ ಶುರೂನ ಮಾಡಿಲ್ಲ, ನೀವು ಹೊಂಟ್ರಿ. ಇದೇನು ರೀತಿ?"

ಅಳುತ್ತಿದ್ದವಳು ಫಕ್ಕನೆ ನಕ್ಕಳು. ಮೂಗು ಒರೆಸಿಕೊಂಡು, "ಇವತ್ತೊಂದ ದಿನ" ಎಂದು ತಿರುಗಿ ಕ್ಲಾಸಿಗೆ ಹೋದಳು. ಬೆಂಚಿನ ಸದ್ದು ನಿಲ್ಲಲಿಲ್ಲ, ಆದರೆ ಅದರ ಮೇಲೆ ಈಕೆಯ ದನಿ ಕೇಳಿಸಿತು.

ಮರುದಿನ ಬೆಳಿಗ್ಗೆ ಎಲ್ಲಮ್ಮನಿಗೆ ಒಂದು ಮಾತು ಹೇಳಿದೆ, ಅದೂ ಚೀಟಿಯ ಸಲುವಾಗಿ. ಬಲವಂತ ಬೇಡ, ಇರುವವಳು ತಾನಾಗಿ ಇರಲಿ ಎಂದು ಗೇಟಿಗೆ ಬೀಗವನ್ನೂ ಹಾಕಲಿಲ್ಲ. ರೂತ್ ಟೀಚರ್ ಒಳಗೆ ಹೋದಳು. ನಾನು ನನ್ನ ಸ್ಟೂಲನ್ನು ಎತ್ತಿ ತಂದು ಗೇಟಿನ ನಟ್ಟನಡುವೆ ಹಾಕಿಕೊಂಡು ಕುಳಿತೆ.