ಐದರ ಹೊಟ್ಟೆ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಐದು. ಕಾರಿನ ಬಾನೆಟ್ ಎತ್ತಿದರೆ ಬಲಗಡೆಯ ಉಕ್ಕಿನ ಪಟ್ಟಿಯ ಮೇಲೆ ಕಾರ್ಖಾನೆಯವರು ಒತ್ತಿದ ಹನ್ನೊಂದು ಅಂಕಿಗಳ ಚಾಸಿ ನಂಬರಿತ್ತು. ಅದರಲ್ಲಿ ಆರನೆಯದು ಈ ಐದು. ತುಕ್ಕು ತಿಂದು ಅದರ ಹೊಟ್ಟೆ ಬೆನ್ನಿಗೆ ಅಂಟಿತ್ತು. ಬೇರೆ ಯಾರಾದರೂ ಆಗಿದ್ದರೆ ಬಟ್ಟೆಯಲ್ಲಿ ಒರಸಿ ಸುಮ್ಮನಾಗುತ್ತಿದ್ದರು. ಆದರೆ ಕಾರು ಸಿಕ್ಕಿದ್ದು ಕೆತ್ತಣ್ಣನ ಕೈಗೆ.

ಕೆತ್ತಣ್ಣ ಅನ್ನುವುದು ಅವನ ಹೆಸರಲ್ಲ, ಕಸುಬು. ಬಾಗಿಲಿನ ಹೆಸರುಪಟ್ಟಿ, ಆಟದಲ್ಲಿ ಗೆದ್ದವರ ಬಹುಮಾನದ ಕಪ್ಪು, ಗಡಿಯಾರದ ಬೆನ್ನು, ಏನು ಕೊಟ್ಟರೂ ಮುತ್ತು ಪೋಣಿಸಿದಂತೆ ಅಕ್ಷರ ಕೆತ್ತಿಕೊಡುತ್ತಿದ್ದ. ಮನುಷ್ಯ ಸಾಧು, ಇರುವೆಗೂ ದಾರಿ ಬಿಡುವವನು. ಸೊಟ್ಟ ಅಕ್ಷರ ಕಂಡರೆ ಮಾತ್ರ ಮೈಮೇಲೆ ಬಂದಂತೆ ಆಡುತ್ತಿದ್ದ. ಬೋರ್ಡು ಸೊಟ್ಟಗಿದೆ ಎಂದು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದ್ದೂ ಉಂಟು.

ಕಾರು ಸಿಕ್ಕಿದ್ದು ಒಂದು ಕೋಳಿ ಸಾಕುವ ಶೆಡ್ಡಿನಲ್ಲಿ. ಹಿಂದಿನ ಸೀಟಿನಲ್ಲಿ ನಾಲ್ಕು ಕೋಳಿ ಕಾವಿಗೆ ಕೂತಿದ್ದವು. ಅಲ್ಲಿಂದ ಆರು ವರ್ಷ ಗಂಡ ಹೆಂಡತಿ ಇಬ್ಬರೂ ಅದಕ್ಕೆ ಅಂಟಿಕೊಂಡಿದ್ದರು. ಇವನು ಬೋಲ್ಟು ಬಿಚ್ಚಿ ತುಕ್ಕು ತಿಕ್ಕಿದ, ಅವಳು ಸೀಟು ಹೊಲಿದಳು. ಈಗ ಕೆನೆಬಣ್ಣದ ಆ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಇವತ್ತು ವಾಹನ ಇಲಾಖೆಯ ತಪಾಸಣೆ. ಪಾಸಾದರೆ ರಸ್ತೆಗೆ, ಇಲ್ಲದಿದ್ದರೆ ಇಲಾಖೆಯ ಅಂಗಳದಲ್ಲಿ ಮತ್ತೆ ತುಕ್ಕಿಗೆ.

ಐದನ್ನು ತಿದ್ದಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಅದರ ಹೊಟ್ಟೆ ದುಂಡಗಾದ ಮೇಲೆ ಪಕ್ಕದ ನಾಲ್ಕು, ಎಂಟು ಬಡವರ ಹಾಗೆ ಕಂಡವು. ಅವನ್ನೂ ತಿದ್ದಿ ಕೆತ್ತಿದ. ಕೊನೆಗೆ ಹನ್ನೊಂದೂ ಹೊಸದಾದವು. ಯಾವ ಅಂಕಿಯೂ ಬದಲಾಗಲಿಲ್ಲ, ಎಲ್ಲವೂ ಚಂದವಾದವು ಅಷ್ಟೆ.

ಬೆಳಿಗ್ಗೆ ಬಾನೆಟ್ ಎತ್ತಿಕೊಂಡು ಅವನು ಅದನ್ನೇ ನೋಡುತ್ತ ನಿಂತಿದ್ದಾಗ ಪಕ್ಕದ ಮನೆಯ ಸೆಕ್ಷನ್ ರಾಯರು ಇಣುಕಿದರು. ರಾಯರು ಕೋರ್ಟಿನ ಎದುರು ಮೂವತ್ತು ವರ್ಷ ಟೈಪ್ ಹೊಡೆದವರು. ಕಾನೂನು ಅವರ ತಲೆಗೆ ಹೋಗಿತ್ತೋ ಇಲ್ಲವೋ, ಬೆರಳಿಗಂತೂ ಇಳಿದಿತ್ತು.

“ಇದೇನಯ್ಯಾ, ನಂಬರ್ ಹೊಸದಾಗಿದೆ?”

“ನಾನೇ ಕೆತ್ತಿದ್ದು. ಆ ಐದು ನೋಡಿ ರಾಯರೇ, ಹೇಗಿದೆ?”

“ಹೇಗಿದೆ ಅಂದ್ರೆ? ಕಂಬಿ ಎಣಿಸೋ ಹಾಗಿದೆ! ಚಾಸಿ ನಂಬರ್ ಮುಟ್ಟೋದು ಅಪರಾಧ ಕಣಯ್ಯಾ. ಕದ್ದ ಕಾರಿಗೆ ಕಳ್ಳರು ಮಾಡೋದೇ ಇದನ್ನ.”

“ಅಯ್ಯೋ, ನಾನು ನಂಬರ್ ಬದಲಾಯಿಸಿಲ್ಲ. ಅದೇ ನಂಬರು, ಅಂದ ಮಾಡಿದೀನಿ.”

“ಕಾನೂನಿಗೆ ಅಂದ ಚಂದ ಎಲ್ಲ ಇಲ್ಲ. ಮುಟ್ಟಿದ್ಯಾ, ಕೆಟ್ಟೆ.”

ಅಷ್ಟು ಹೊತ್ತಿಗೆ ಎದುರುಮನೆಯ ದರ್ಜಿಯೂ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಬಂದ. ಕೇಳಿ ಪಡೆದ ಸಲಹೆಗಿಂತ ಕೇಳದೆ ಬರುವ ಸಲಹೆ ಯಾವಾಗಲೂ ಜಾಸ್ತಿ.

“ಒಂದು ಹಿಡಿ ಗ್ರೀಸ್ ಮೆತ್ತಿಬಿಡಣ್ಣ. ಯಾರಿಗೆ ಕಾಣ್ಸುತ್ತೆ?” ಎಂದವನೇ ಕೆತ್ತಣ್ಣ ಬೇಡ ಅನ್ನುವಷ್ಟರಲ್ಲಿ ಡಬ್ಬಿಗೆ ಕೈ ಹಾಕಿ ಹನ್ನೊಂದು ಅಂಕಿಗೂ ಬಳಿದುಬಿಟ್ಟ. ಕೆತ್ತಣ್ಣನಿಗೆ ಮಗುವಿನ ಮುಖಕ್ಕೆ ಮಸಿ ಬಳಿದಂತಾಯಿತು, ಕಣ್ಣು ಮುಚ್ಚಿಕೊಂಡ.

“ನಿಜ ಹೇಳಿಬಿಡ್ತೀನಿ,” ಎಂದ.

“ಹುಚ್ಚಾ?” ರಾಯರು ಗದರಿದರು. “ನಾನು ಹೇಳಿಕೆ ಟೈಪ್ ಮಾಡಿ ಕೊಡ್ತೀನಿ, ಸಹಿ ಹಾಕು. ‘ಸದರಿ ಅಂಕಿಗಳನ್ನು ಯಾರು ಕೆತ್ತಿದರೋ ನನಗೆ ತಿಳಿಯದು.’ ಮುಗೀತು. ಇನ್ನೂ ಐದು ನಿಮಿಷ ಕೂತ್ರೆ ಎರಡು ಸೆಕ್ಷನ್ ಸೇರಿಸ್ತೀನಿ.”

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, “ರಾಯರೇ, ಇವರಿಗೆ ಸುಳ್ಳು ಹೇಳೋಕೆ ಬರಲ್ಲ,” ಎಂದಳು.

“ಹೇಳೋದು ಬೇಡಮ್ಮ, ಬರೆದದ್ದು ಹೇಳುತ್ತೆ. ಇವನು ಬಾಯಿ ಮುಚ್ಕೊಂಡಿದ್ರೆ ಸಾಕು.”

ಕಂಬಿಗೆ ಹೆದರಿ ಕೆತ್ತಣ್ಣ ಹೇಳಿಕೆಗೆ ಸಹಿ ಹಾಕಿದ. ಬಾಯಿ ಮುಚ್ಚಿಸುವ ಜವಾಬ್ದಾರಿಯನ್ನು ಹೆಂಡತಿಯೇ ತೆಗೆದುಕೊಂಡಳು. ಇಲಾಖೆಯ ಅಂಗಳದಲ್ಲಿ ಕಾರು ನಿಲ್ಲಿಸಿದ ಕೂಡಲೇ ಗಂಡನ ಬಾಯಿಗೆ ಎರಡು ದಪ್ಪ ಪೆಪ್ಪರ್‌ಮಿಂಟ್ ತುರುಕಿದಳು. “ಇದು ಕರಗೋವರೆಗೂ ತಲೆ ಮಾತ್ರ ಆಡಿಸಿ.” ರಾಯರೂ ದರ್ಜಿಯೂ ಹಿಂದಿನ ಸೀಟಿನಿಂದ ಇಳಿದರು. ಬೇಡವೆಂದರೂ ಬಂದಿದ್ದರು.

ಇನ್‌ಸ್ಪೆಕ್ಟರಮ್ಮ ಕೈಗವಸು ಹಾಕಿಕೊಂಡು ಬಂದರು. ಮೊದಲು ಕಾರಿನ ಸುತ್ತ ಒಂದು ಸುತ್ತು ಹಾಕಿ, ಸೀಟಿನ ಹೊಲಿಗೆ ಮುಟ್ಟಿ, ಎಂಜಿನ್ನಿನ ಸದ್ದು ಕೇಳಿದರು. ಆಮೇಲೆ ಬಾನೆಟ್ಟಿನೊಳಗೆ ಬಗ್ಗಿ, ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೇ ಸಲ ಎಳೆದು ತೆಗೆದರು. ಹನ್ನೊಂದು ಅಂಕಿಗಳೂ ಫಳಫಳ ಹೊಳೆದವು. ಕೆತ್ತಣ್ಣನ ಎದೆಯುಬ್ಬಿತು. ಹೆಂಡತಿ ಹಿಂದಿನಿಂದ ಚಿವುಟಿದಳು.

“ಇದು ಕಾರ್ಖಾನೆ ಕೆಲಸ ಅಲ್ಲ,” ಎಂದರು ಇನ್‌ಸ್ಪೆಕ್ಟರಮ್ಮ. “ಅವರಿಗೆ ಇಷ್ಟು ಪುರುಸೊತ್ತು ಎಲ್ಲಿರುತ್ತೆ? ನೀವು ಕೆತ್ತಿದ್ದಾ?”

ಕೆತ್ತಣ್ಣ ಅಡ್ಡಡ್ಡ ತಲೆಯಾಡಿಸಿದ. ರಾಯರು ಹೇಳಿಕೆಯ ಹಾಳೆ ಮುಂದೆ ಚಾಚಿದರು.

“ಹಾಗಾದ್ರೆ ಯಾವನೋ ಅಡ್ಡಕಸುಬಿ ಕೆರೆದಿದಾನೆ.”

ಕೆತ್ತಣ್ಣ ಪೆಪ್ಪರ್‌ಮಿಂಟನ್ನು ಬಲದವಡೆಯಿಂದ ಎಡಕ್ಕೆ ಹೊರಳಿಸಿದ.

“ಎಂಟು ನೋಡಿ, ಕುಂಬಳಕಾಯಿ ಹಾಗಿದೆ.”

ಕೆತ್ತಣ್ಣನ ಕಣ್ಣಲ್ಲಿ ನೀರು ಬಂತು. ಆದರೂ ತುಟಿ ಬಿಚ್ಚಲಿಲ್ಲ. ಹೆಂಡತಿಗೆ ಆಶ್ಚರ್ಯ, ರಾಯರಿಗೆ ಸಂಭ್ರಮ. ಇಷ್ಟು ಗಟ್ಟಿ ಮನುಷ್ಯ ಅಂತ ಯಾರಿಗೆ ಗೊತ್ತಿತ್ತು!

ಇನ್‌ಸ್ಪೆಕ್ಟರಮ್ಮ ಹಳೆಯ ರಿಜಿಸ್ಟರ್ ತರಿಸಿ ಅಂಕಿ ಅಂಕಿ ತಾಳೆ ನೋಡಿದರು. ಎಲ್ಲವೂ ಸರಿಯಿತ್ತು. ಹೇಳಿಕೆ ಓದಿ, ಕೆಳಗಿದ್ದ ಸಹಿ ನೋಡಿ, ಪೆನ್ನಿನ ಮುಚ್ಚಳ ತೆಗೆದರು. ಇನ್ನೇನು ಬರೆಯಬೇಕು, ಮತ್ತೆ ಬಾನೆಟ್ಟಿನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು.

“ಏನೇ ಹೇಳಿ, ಆ ಐದು ಮಾತ್ರ ಅದ್ಭುತ. ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂಥ ಐದು ನೋಡಿಲ್ಲ. ಪಾಪ, ಯಾರೋ ಹಳೇ ಕಾಲದ ದೊಡ್ಡ ಕುಶಲಕರ್ಮಿ ಇರ್ಬೇಕು. ಈಗ ಬದುಕಿರೋದೂ ಅನುಮಾನ. ಅಂಥ ಕೈ ಈಗ ಯಾರಿಗಿದೆ?”

ಕೆತ್ತಣ್ಣ ಎರಡೂ ಪೆಪ್ಪರ್‌ಮಿಂಟ್ ಗುಳುಕ್ಕನೆ ನುಂಗಿದ.

“ಬದುಕಿದೀನಿ ಮೇಡಂ! ನಾನೇ! ಇದೇ ಕೈ!” ಎಂದು ಅಂಗೈ ಬಿಚ್ಚಿ ಹಿಡಿದ. “ಐದರ ಹೊಟ್ಟೆಯನ್ನ ಒಂದೇ ಏಟಿಗೆ ತೆಗೀಬಾರದು ಮೇಡಂ, ಮೂರು ಸಲ ಉಳಿ ತಿರುಗಿಸ್ಬೇಕು. ಮೊದಲು ಮೇಲಿಂದ ಬರ್ಬೇಕು, ಇಲ್ಲಿ ಉಸಿರು ಹಿಡೀಬೇಕು...”

ರಾಯರು ಮೆಲ್ಲನೆ ಎರಡು ಹೆಜ್ಜೆ ಹಿಂದೆ ಸರಿದು ಯಾರದೋ ಸ್ಕೂಟರ್ ನೋಡತೊಡಗಿದರು. ದರ್ಜಿಗೆ ಅಂಗಡಿ ಬಾಗಿಲು ಹಾಕದೆ ಬಂದದ್ದು ನೆನಪಾಯಿತು.

ಇನ್‌ಸ್ಪೆಕ್ಟರಮ್ಮ ಪೂರ್ತಿ ಕೇಳಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

“ಬೈದ್ರೆ ಬಾಯಿ ಬಿಡದವರು ಹೊಗಳಿದ್ರೆ ಬಿಡ್ತಾರೆ. ಅಲ್ರೀ, ತುಕ್ಕು ಹಿಡಿದಿತ್ತು, ಅದೇ ನಂಬರನ್ನ ಮತ್ತೆ ಕೆತ್ತಿದೆ ಅಂತ ಬೆಳಿಗ್ಗೆ ಬಂದು ಒಪ್ಕೊಂಡಿದ್ರೆ, ರಿಜಿಸ್ಟರ್ ನೋಡಿ ನಾನೇ ಮಂಜೂರು ಮಾಡ್ತಿದ್ದೆ. ಮೋಸದ ಉದ್ದೇಶ ಇಲ್ಲ ಅಂತ ಅಂಕಿಗಳೇ ಹೇಳ್ತಿವೆ. ಅರ್ಧ ಗಂಟೆ ಕೆಲಸ. ಈಗ ನಿಮ್ಮ ಮೇಲಿರೋದು ನಂಬರಿನ ಕೇಸಲ್ಲ, ಸುಳ್ಳು ಹೇಳಿಕೆಯ ಕೇಸು. ವಿಚಾರಣೆ ಮುಗಿಯೋವರೆಗೂ ಕಾರು ಇಲ್ಲೇ ಇರುತ್ತೆ.”

ಹೆಂಡತಿ ಸೀಟಿನ ಹೊಲಿಗೆಯ ಮೇಲೆ ಕೈಯಾಡಿಸುತ್ತ ನಿಂತುಬಿಟ್ಟಳು. ಆರು ವರ್ಷದ ಬೆವರು ಅಲ್ಲಿ ಬಿಸಿಲಿಗೆ ನಿಂತಿತ್ತು. ಆದರೂ ಕೆತ್ತಣ್ಣನ ಬಾಯಿಂದ ಬಂದದ್ದು ಬೇರೆಯೇ ಮಾತು.

“ಅಂದ್ರೆ ಮೇಡಂ... ಐದು ಚೆನ್ನಾಗಿದೆ ಅಂದದ್ದು ಸುಳ್ಳಾ?”

ಇನ್‌ಸ್ಪೆಕ್ಟರಮ್ಮ ಇನ್ನೊಮ್ಮೆ ಬಗ್ಗಿ ನೋಡಿದರು. “ಇಲ್ಲ. ಅದು ನಿಜ,” ಎಂದು ಕಾಗದಕ್ಕೆ ಮೊಹರು ಒತ್ತಿಸಲು ಒಳಗೆ ಹೋದರು.

ಕೆತ್ತಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡ. ಕಾರು ಹೋದದ್ದು ದುಃಖವೇ. ಆದರೆ ಇಪ್ಪತ್ತು ವರ್ಷದ ಸರ್ವೀಸಲ್ಲಿ ಕಾಣದ ಐದು ಅಂದರೆ ಸಾಮಾನ್ಯವೇ? ಅವನಿಗೆ ನಾಚಿಕೆಯಿಲ್ಲದಷ್ಟು ಹೆಮ್ಮೆಯಾಯಿತು.

ಗುಮಾಸ್ತ ಬಂದು ಒಂದು ತಗಡಿನ ಬಿಲ್ಲೆಯ ಮೇಲೆ ಮೊಳೆಯಿಂದ ಜಪ್ತಿ ನಂಬರ್ ಗೀಚಿ, ಅದನ್ನು ಕಾರಿನ ಹಿಡಿಕೆಗೆ ಕಟ್ಟಲು ತಂತಿ ತರಲು ಹೋದ. ಕೆತ್ತಣ್ಣ ಬಿಲ್ಲೆಯನ್ನು ನೋಡಿದ. ನಂಬರಿನಲ್ಲಿ ಎರಡು ಐದಿದ್ದವು. ಒಂದು ಮಲಗಿತ್ತು, ಇನ್ನೊಂದು ಅದರ ಮೇಲೆ ಬಿದ್ದಿತ್ತು. ಇದು ತನ್ನ ಕಾರಿಗೆ! ಹೆಂಡತಿ “ಬೇಡ ಕಣ್ರೀ” ಅನ್ನುವಷ್ಟರಲ್ಲಿ ಅವನ ಜೇಬಿನಿಂದ ಉಳಿ ಹೊರಗೆ ಬಂದಿತ್ತು.

ಇನ್‌ಸ್ಪೆಕ್ಟರಮ್ಮ ಮೊಹರು ಹಾಕಿದ ಕಾಗದ ಹಿಡಿದು ಬಂದರು. ಬಿಲ್ಲೆಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಮುತ್ತು ಪೋಣಿಸಿದಂತಿತ್ತು.

“ಇದನ್ನ ಯಾರು ತಿದ್ದಿದ್ದು?”

ಈ ಸಲ ಹೆಂಡತಿ ಚಿವುಟಲೂ ಇಲ್ಲ, ಯಾರೂ ಹೊಗಳಬೇಕಾಗಿಯೂ ಇರಲಿಲ್ಲ. ಕೆತ್ತಣ್ಣ ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದ. ಬೆಳಗಿನಿಂದ ಕಲಿತ ಪಾಠ ಅದೊಂದೇ.

“ನಾನೇ ಮೇಡಂ. ಈ ಸಲ ಸುಳ್ಳು ಹೇಳಲ್ಲ.”

“ಸಂತೋಷ.” ಅವರು ತಂತಿ ಹಿಡಿದು ಬಂದ ಗುಮಾಸ್ತನ ಕಡೆ ತಿರುಗಿದರು. “ಇನ್ನೊಂದು ಫಾರಂ ತಗೊಂಡು ಬಾಪ್ಪಾ. ಸರ್ಕಾರಿ ಜಪ್ತಿ ನಂಬರ್ ತಿದ್ದಿದ ಕೇಸು. ಇದಕ್ಕೆ ಮಂಜೂರಾತಿ ಇಲ್ಲ.”

ಹೆಂಡತಿ ಉಳಿದಿದ್ದ ಪೆಪ್ಪರ್‌ಮಿಂಟನ್ನು ತನ್ನ ಬಾಯಿಗೇ ಹಾಕಿಕೊಂಡಳು. ಗುಮಾಸ್ತ ಫಾರಂ ತಂದು, ಬಾನೆಟ್ ಮುಚ್ಚಿ ಅದರ ಮೇಲಿಟ್ಟು, ಮೇಲ್ಗಡೆ ತಾರೀಖು ಬರೆಯತೊಡಗಿದ. ಕೆತ್ತಣ್ಣ ಕತ್ತು ಚಾಚಿ ನೋಡಿದ, ಚಡಪಡಿಸಿದ, ಕೊನೆಗೆ ತಡೆಯಲಾರದೆ ಕೈ ಮುಂದೆ ಮಾಡಿದ.

“ಮೇಡಂ, ತಪ್ಪು ತಿಳ್ಕೋಬೇಡಿ. ಕೇಸು ನಂದೇ ತಾನೇ? ಅದನ್ನ ನಾನೇ ಬರೀಲಾ?”