ಕಂಪ್ರೆಸರಿನ ಟಕ್ಕು, ನನ್ನ ಕಿವಿ

ಠಾಣೆ ಊರಿನ ವಾಗ್ಳೆ ಎಸ್ಟೇಟಿನಾಗ ನಂದು ಗ್ಯಾರೇಜ್, ಬರೇ ಗಾಡಿ ಎಸಿ ಕೆಲಸ. ಸಾಲಿ ಕಲಿತದ್ದು ನಾಕನೇ ಇಯತ್ತೆ ತನಕ. ಆದ್ರ ಬಾನೆಟ್ ಎತ್ತದನ, ಕಿವಿಲೆ ಕೇಳಿ ಕಂಪ್ರೆಸರ್ ರೋಗ ಹೇಳಾಂವ ಇಡೀ ಠಾಣೆದಾಗ ನಾ ಒಬ್ಬನ! ಈ ಹೆಸರು ಉಳಿಸ್ಕೊಳ್ಳೂದು ಸಣ್ಣ ಮಾತಲ್ಲ. ದಿನಾ ಯಾರರ ಒಬ್ರು ಬಂದು ಪರೀಕ್ಷಾ ಮಾಡತಾರ.

ಡಬ್ಬಿ

ಡೊಂಬಿವಲಿಯ ಬ್ಯಾಂಕಿನ ಸಾಹೇಬ್ರು ಒಬ್ರು ಓಡಿ ಬಂದ್ರು. "ಕಾಕಾ, ಗಾಡಿ ಕೆಳಗ ನೀರು ಸೋರಾಕತ್ತೈತಿ! ಗ್ಯಾಸ್ ಕರಗಿ ಹೊಂಟೈತಿ!"

ಕೈಯಾಗ ಸ್ಟೀಲಿನ ಡಬ್ಬಿ. ಎಂಟು ದಿನದಿಂದ ಸೋರಿದ್ದೆಲ್ಲಾ ಹಿಡಿದು ಮುಚ್ಚಳ ಬಿಗಿದಾರ!

"ಸಾಹೇಬ್ರ, ಇದು ಗಾಳಿಯೊಳಗಿನ ನೀರು. ತಂಬಿಗ್ಯಾಗ ಐಸ್ ಹಾಕಿದ್ರ ಹೊರಗ ಬೆವರೂದಿಲ್ಲೇನು? ಒಳಗಿನ ಕಾಯಿಲ್ ತಣ್ಣಗಾಗಿ ಹಂಗ ಬೆವರತೈತಿ. ನಿಮ್ಮ ಎಸಿ ಗಟ್ಟಿ ಐತಿ."

ಅವರ ಮಾರಿ ಅರಳಿತು. ಡಬ್ಬಿ ನನ್ನ ಕೈಗೆ ಕೊಟ್ರು. "ಆದ್ರೂ ಇರ್ಲಿ ಕಾಕಾ, ವಾಪಸ್ ಹಾಕಿಬಿಡ್ರಿ."

ಕೆಲಸಗಳ್ಳ

ಸೀವುಡ್ಸಿನ ಹೋಟೆಲ್ ಮಾಲಕರು, ಉಡುಪಿ ಕಡೆಯವರು, ಸಿಟ್ಟಿಲೆ ಬಂದ್ರು. "ಮಾರಾಯ್ರೇ, ಈ ಕಂಪ್ರೆಸರ್ ಕೆಲಸಗಳ್ಳ! ಟಕ್ ಅಂತ ಶುರು ಮಾಡ್ತದೆ, ಸ್ವಲ್ಪ ಹೊತ್ತಿಗೆ ಟಕ್ ಅಂತ ನಿಲ್ತದೆ."

"ಅಣ್ಣಾರ, ಎಂಜಿನ್ ಪಟ್ಟಾ, ಅಂದ್ರ ಬೆಲ್ಟ್, ಸದಾ ತಿರುಗತಿರತೈತಿ. ತಂಪು ಬೇಕಾದಾಗ ಕ್ಲಚ್ ಟಕ್ ಅಂತ ಹಿಡಿದು ಕಂಪ್ರೆಸರ್ ತಿರುಗಸತೈತಿ, ಅದು ಗ್ಯಾಸ್ ಒತ್ತತೈತಿ. ತಂಪು ಸಾಕಾತು, ಕ್ಲಚ್ ಬಿಡತೈತಿ. ಕೆಲಸ ಮುಗೀತು, ಕುಂತಿತು. ಅಷ್ಟ!"

"ನನ್ನ ಹೋಟ್ಲಲ್ಲಿ ಕೆಲಸ ಮುಗೀತು ಅಂತ ಯಾರಾದ್ರೂ ಕೂತ್ರೆ ಟೇಬಲ್ ಒರೆಸ್ಲಿಕ್ಕೆ ಹೇಳ್ತೇನೆ. ಇದಕ್ಕೂ ಏನಾದ್ರೂ ಬೇರೆ ಕೆಲಸ ಕೊಡಿ ಮಾರಾಯ್ರೇ!"

ಬೀಗರು

ನನ್ನ ಸಣ್ಣ ಮಗಳನ್ನ ನೋಡಾಕ ಹುಬ್ಬಳ್ಳಿಯಿಂದ ಗಂಡಿನ ತಂದಿ-ತಾಯಿ ದಸರಾ ದಿನಾನ ಬಂದ್ರು. ಮೊದಲ ಎರಡು ಸಂಬಂಧ ತಪ್ಪಿದ್ದವು. ಇದು ಕೂಡಲೇಬೇಕಿತ್ತು! ನನ್ನ ಗಾಡಿ ಪೂಜಿ ಮಾಡಿ, ಅದರ ಮೂತಿ ತುಂಬ ಚೆಂಡುಹೂವಿನ ಮಾಲಿ ಬಿಗಿದೆ. ಒಂದಲ್ಲ, ಹನ್ನೊಂದು! ಅಂಥಾ ಶಿಂಗಾರ ಯಾರ ಗಾಡಿಗೂ ಇರಲಿಲ್ಲ.

ಹೆಂಡತೀನ ಕರಕೊಂಡು ಹೋಗಿ, ಬೀಗರನ್ನ ಕಲ್ಯಾಣ ಸ್ಟೇಷನ್ದಾಗ ಹತ್ತಿಸ್ಕೊಂಡು, "ಶಾಲು ಇದ್ರ ಹೊದ್ದಕೊಳ್ರಿ, ನನ್ನ ಎಸಿಯಾಗ ಮಂಜು ಬೀಳತೈತಿ" ಅಂದೆ.

ಶಿಳ್‌ಫಾಟಾ ಟ್ರಾಫಿಕ್ದಾಗ ಎಸಿ ಬಿಸಿ ಗಾಳಿ ಊದಾಕ ಹತ್ತಿತು. ಗಂಡಿನ ತಂದಿ ಅಂಗಿ ಗುಂಡಿ ಬಿಚ್ಚಿದ್ರು. ತಾಯಿ ಸೆರಗಿಲೆ ಗಾಳಿ ಹಾಕ್ಕೊಂಡ್ರು.

ನಾ ಕಿವಿ ಕೊಟ್ಟೆ. "ಗ್ಯಾಸ್ ಖಾಲಿ!" ಸ್ವಲ್ಪ ಮುಂದ ಹೋಗಿ, "ಅಲ್ಲಲ್ಲ, ವಾಯರ್!" ಇನ್ನೊಂದು ಸಿಗ್ನಲ್ ದಾಟಿ, "ಕಂಪ್ರೆಸರ್ ಜಾಮ್!"

"ಗಾಡಿ ನಿಂದರಸ್ರಿ" ಅಂದ್ಲು ನನ್ನ ಹೆಂಡತಿ. ಇಳಿದು, ಹನ್ನೊಂದೂ ಮಾಲಿ ಕಿತ್ತು ನನ್ನ ತೊಡಿ ಮ್ಯಾಲ ಒಗೆದ್ಲು. "ಒತ್ತಿದ ಗ್ಯಾಸ್ ಕಾದಿರತೈತಿ, ಮೂತ್ಯಾಗಿನ ಜಾಳಿಗಿಗೆ ಗಾಳಿ ಬಡದ್ರನ ಆರತೈತಿ, ಆರದಿದ್ರ ಕ್ಲಚ್ ಬಿಡತೈತಿ ಅಂತ ಮದುವ್ಯಾದಾಗಿಂದ ನನ್ನ ತಲಿ ತಿಂದೀರಿ. ಆ ಮೂತಿಗೆ ಗಾದಿ ಹೊಲಿದು ಕುಂತೀರಲ್ಲ!"

ಸ್ವಲ್ಪ ಹೊತ್ತಿಗೆ ಟಕ್! ತಣ್ಣನ ಗಾಳಿ!

ಸಂಬಂಧ ಹೋತು ಅಂದ್ಕೊಂಡೆ. ಆಮ್ಯಾಲ ಗಂಡಿನ ತಾಯಿ ಮೆಲ್ಲಕ ಕೇಳಿದ್ರು, "ಹುಡುಗಿ ತಾಯಿ ಹಂಗೋ, ನಿಮ್ಮ ಹಂಗೋ?"

"ತಾಯಿ ಹಂಗ್ರಿ! ದೇವ್ರಾಣಿ ತಾಯಿ ಹಂಗ!" ಅಂತ ಚೀರಿದೆ.

"ಹಂಗಾರ ನೋಡೂದೇನೈತಿ?" ಅಂದ್ರು ಅವರು, "ಸಂಬಂಧ ಕೂಡಿತು. ಮೊದಲ ಸಕ್ಕರಿ ಹಂಚ್ರಿ."