ಗಡಿಯಾರಪ್ಪನ ಹಸಿರು ದೀಪ

ಏಳು ಸಮುದ್ರ ದಾಟಬೇಕಾಗಿಲ್ಲ, ಏಳು ಮೆಟ್ಟಿಲು ಹತ್ತಿದರೆ ಸಾಕು, ಅಲ್ಲೊಂದು ಮನೆ. ಆ ಮನೆಯಲ್ಲೊಬ್ಬ ಗಡಿಯಾರ ರಿಪೇರಿಯವನಿದ್ದ. ರಾಜಕುಮಾರರ ಸೊಂಟದಲ್ಲಿ ಕತ್ತಿ ಇರುವ ಹಾಗೆ ಇವನ ನಾಲಿಗೆಯ ಮೇಲೆ ಸದಾ ಒಂದು ಮಾತಿರುತ್ತಿತ್ತು: "ನಾನೇ ಮಾಡ್ತೀನಿ." ಬಾಗಿಲು ಕಿರುಗುಟ್ಟಿದರೂ ನಾನೇ ಮಾಡ್ತೀನಿ, ಫ್ಯಾನು ನಿಂತರೂ ನಾನೇ ಮಾಡ್ತೀನಿ. ಬೀದಿಯವರು ಅವನನ್ನು ಗಡಿಯಾರಪ್ಪ ಎಂದು ಕರೆಯುತ್ತಿದ್ದರು. ಅವನ ಮನೆಯ ಐದು ಗಡಿಯಾರಗಳು ಐದು ಹೊತ್ತು ತೋರಿಸುತ್ತಿದ್ದವು. ಐದನ್ನೂ ರಿಪೇರಿ ಮಾಡಿದ್ದು ಅವನೇ.

ಕಥೆಯ ರಾಜಕುಮಾರಿ ಶರತ್ತು ಹಾಕುವ ಹಾಗೆ ಒಂದು ಬೆಳಿಗ್ಗೆ ಅವನ ಹೆಂಡತಿಯೂ ಶರತ್ತು ಹಾಕಿದಳು.

"ನಾಲ್ಕು ಗಂಟೆಗೆ ನನ್ನ ಇಂಟರ್‌ವ್ಯೂ. ಅಷ್ಟರೊಳಗೆ ಮನೇಲಿ ನೆಟ್ ಇರ್ಬೇಕು."

ಹದಿನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ಅವಳು. ಇವತ್ತು ಮೂವರು ದೊಡ್ಡವರು ಕಂಪ್ಯೂಟರಿನ ಪರದೆಯ ಮೇಲೆ ಬಂದು ಕೂತು, ಹೆಡ್‌ಮಿಸ್ ಆಗಲು ಲಾಯಕ್ಕೋ ಅಲ್ಲವೋ ಎಂದು ನೋಡುವವರಿದ್ದರು. ಫೋನಿನ ನೆಟ್ ನಂಬುವಂತಿರಲಿಲ್ಲ. ಆ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಬಚ್ಚಲುಮನೆಯ ಕಿಟಕಿಯಲ್ಲಿ ಮಾತ್ರ, ಅದೂ ಬಕೆಟ್ ಬೋರಲು ಹಾಕಿ ಮೇಲೆ ಹತ್ತಿದರೆ.

ಮಧ್ಯಾಹ್ನ ನೆಟ್ ಕಂಪನಿಯವನು ಬಂದು ಹೊಸ ಮೋಡೆಮ್ ಗೋಡೆಗೆ ಹೊಡೆದ. ಕಪ್ಪು ಪೆಟ್ಟಿಗೆ, ಮೂಗಿನ ಮೇಲೊಂದು ದೀಪ. "ನಿಮ್ಮ ಹಳೇ ರೌಟರ್‌ಗೂ ಕನೆಕ್ಷನ್ ಕೊಟ್ಬಿಡ್ಲಾ ಸಾರ್? ಹತ್ತೇ ನಿಮಿಷ."

"ಬೇಡ ಬೇಡ. ನಾನೇ ಮಾಡ್ತೀನಿ."

ಅಡುಗೆಮನೆಯಲ್ಲಿ ಲೋಟವೊಂದು ಅಗತ್ಯಕ್ಕಿಂತ ಜೋರಾಗಿ ಸದ್ದು ಮಾಡಿತು.

ರೌಟರ್ ಬಿಳಿ ಪೆಟ್ಟಿಗೆ. ಎರಡು ಕೊಂಬು, ಬೆನ್ನ ತುಂಬ ತೂತು, ಅಜ್ಜಿ ಹೇಳುವ ಕಥೆಯ ಮರಿ ರಾಕ್ಷಸನ ಹಾಗಿತ್ತು. ಗಡಿಯಾರಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅದನ್ನು ತಿರುಗಿಸಿ ನೋಡಿದ. ಹಳೆಯದೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡುವುದೇ ಸರಿ ಎಂದುಕೊಂಡು, ವಾಚಿನ ಸೂಜಿಯನ್ನು ಸಣ್ಣ ತೂತಿನೊಳಗೆ ಒತ್ತಿದ. ದೀಪಗಳೆಲ್ಲ ಒಮ್ಮೆಗೇ ಆರಿ ಮತ್ತೆ ಹೊತ್ತಿಕೊಂಡವು. ಫೋನಿನಲ್ಲಿ ಒಂದು ಪುಟ ತೆರೆದು ಹೊಸ ಪಾಸ್‌ವರ್ಡ್ ಕೇಳಿತು.

"ಲೇ, ಪಾಸ್‌ವರ್ಡ್ ಏನಿಡ್ಲಿ?"

ಅವಳು ಕನ್ನಡಿಯ ಮುಂದೆ ನಿಂತು ಉತ್ತರಗಳನ್ನು ಉರು ಹೊಡೆಯುತ್ತಿದ್ದಳು. "ಏನಾದ್ರೂ ಇಡಿ!"

ಅವನು "ಏನಾದ್ರೂ" ಎಂದೇ ಇಟ್ಟ. ಎಂಟಕ್ಷರಕ್ಕೆ ಕಡಿಮೆಯಿದ್ದರೆ ಆಗದು ಎಂದು ಪುಟ ಹಟ ಹಿಡಿಯಿತು. ಇಂಗ್ಲಿಷಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತುರುಕಿ ಒತ್ತಿದ. ಪುಟ ಮುಚ್ಚಿಕೊಂಡಿತು. ಮರುಗಳಿಗೆಯಲ್ಲೇ ಫೋನು ಅದೇ ಪಾಸ್‌ವರ್ಡನ್ನು ವಾಪಸ್ ಕೇಳಿತು. ಎಲ್ಲೆಲ್ಲಿ ತುರುಕಿದ್ದು? ದೇವರೇ ಬಲ್ಲ.

ಅಷ್ಟರಲ್ಲಿ ಕೆಳಗಿನ ಮನೆಯ ಪ್ಲಂಬರು ಇಕ್ಕಳ ಹಿಡಿದುಕೊಂಡೇ ಮೇಲೆ ಬಂದ. ಅವನ ಹಿಂದೆಯೇ ಪಕ್ಕದ ಮನೆಯ ನರ್ಸಮ್ಮ.

"ಅಣ್ಣಾ, ನೆಟ್ ಬರ್ತಿಲ್ವಂತೆ?" ಎಂದ ಪ್ಲಂಬರು.

"ಬರುತ್ತೆ. ಪಾಸ್‌ವರ್ಡ್ ಒಂದು ಸಿಗ್ಬೇಕು."

"ಏನದು ಪಾಸ್‌ವರ್ಡು?"

"ಏನಾದ್ರೂ."

"ಏನಾದ್ರೂ ಆಗುತ್ತೆ ಅಂದ್ರೆ ಒಂದ್ ಹಾಕ್ಬಿಡಿ, ಅದಕ್ಯಾಕೆ ಇಷ್ಟು ಒದ್ದಾಟ?"

"ಏನಾದ್ರೂ ಹಾಕಿದ್ರೆ ಆಗಲ್ಲ ಕಣಯ್ಯ! ಏನಾದ್ರೂ ಅಂತಾನೇ ಹಾಕ್ಬೇಕು!"

ಪ್ಲಂಬರು ನರ್ಸಮ್ಮನ ಮುಖ ನೋಡಿದ. ನರ್ಸಮ್ಮ ಗಡಿಯಾರಪ್ಪನ ಹಣೆ ಮುಟ್ಟಿ ನೋಡಿದಳು. "ಜ್ವರ ಏನಿಲ್ಲ," ಎಂದಳು.

ವಿಷಯ ತಿಳಿದ ಮೇಲೆ ಮೂವರೂ ಕಾಗುಣಿತಕ್ಕೆ ಕೂತರು. ಶುರುವಿನಲ್ಲಿ 'ಇ' ಸಾಕೋ, ಮುಂದೊಂದು 'ವೈ' ಬೇಕೋ? 'ನಾ'ಗೆ 'ಎ' ಒಂದೋ ಎರಡೋ? ಕೊನೆಗೆ 'ಯು' ಒಂದೋ 'ಓ' ಎರಡೋ? ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಇಪ್ಪತ್ತಾರು ಏನಾದ್ರೂಗಳು ಸಾಲಾಗಿ ನಿಂತವು. ಹೆಂಡತಿ ಬಾಗಿಲಲ್ಲಿ ನಿಂತು ಅದನ್ನೊಮ್ಮೆ, ತನ್ನ ಕೈಗಡಿಯಾರವನ್ನೊಮ್ಮೆ ನೋಡಿದಳು. ಆ ಮನೆಯಲ್ಲಿ ಸರಿಯಾದ ಹೊತ್ತು ತೋರಿಸುತ್ತಿದ್ದದ್ದು ಅದೊಂದೇ. ಮೂರೂಕಾಲು. ಅವಳು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಕೆಟ್ ಬೋರಲು ಬಿದ್ದ ಸದ್ದಾಯಿತು. ಗಡಿಯಾರಪ್ಪ ಹದಿನೇಳನೆಯ ಏನಾದ್ರೂನಲ್ಲಿ ಮುಳುಗಿದ್ದ.

ಹತ್ತೊಂಬತ್ತನೆಯದಕ್ಕೆ ರೌಟರ್ ಫೋನನ್ನು ಒಳಗೆ ಬಿಟ್ಟುಕೊಂಡಿತು. ಆದರೆ ನೆಟ್ ಮಾತ್ರ ಇಲ್ಲ.

"ಲೀಕೇಜು," ಎಂದು ಪ್ಲಂಬರು ತೀರ್ಪು ಕೊಟ್ಟ. "ಬೆನ್ನಲ್ಲಿ ಇಷ್ಟು ತೂತು ಖಾಲಿ ಬಿಟ್ರೆ ಸೋರದೆ ಇನ್ನೇನಾಗುತ್ತೆ? ಎಲ್ಲಾನೂ ಬಿಗೀರಿ ಅಣ್ಣಾ. ನಾನ್ ಬಿಗೀಲಾ?"

"ನಾನೇ ಮಾಡ್ತೀನಿ," ಎಂದು ಗಡಿಯಾರಪ್ಪ ಮೇಜಿನ ಕೆಳಗೆ ನುಗ್ಗಿದ. ಕತ್ತಲು, ಧೂಳು, ಹಾವಿನ ಗೂಡಿನಂಥ ವೈರು. ಕೈಗೆ ಸಿಕ್ಕ ತುದಿಗಳನ್ನು ಕಣ್ಣಿಗೆ ಬಿದ್ದ ತೂತುಗಳಿಗೆ ಸಿಕ್ಕಿಸುತ್ತ ಹೋದ. ಬಿಳಿ ಪೆಟ್ಟಿಗೆಯ ದೀಪಗಳು ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಪಟಪಟನೆ ಕುಣಿಯತೊಡಗಿದವು. ಫೋನಿನ ಮೂಲೆಯಲ್ಲಿ ಬೀಸಣಿಗೆಯಂಥ ವೈಫೈ ಗುರುತು ಪೂರ್ತಿ ಅರಳಿತ್ತು.

"ಬಂತು!"

ನಾಲ್ಕಕ್ಕೆ ಇನ್ನೈದು ನಿಮಿಷ. ಹೆಂಡತಿ ಕಂಪ್ಯೂಟರ್ ಎತ್ತಿಕೊಂಡು ಕೋಣೆಗೆ ಹೋಗಿ ಅಗಳಿ ಹಾಕಿಕೊಂಡಳು. ಕ್ಷಣದಲ್ಲೇ ಒಳಗಿಂದ "ನಮಸ್ಕಾರ ಸಾರ್, ನಮಸ್ಕಾರ ಮೇಡಂ" ಕೇಳಿಸಿತು. ಆಮೇಲೆ ಅವಳ ದನಿ ಎಲ್ಲಿಯೂ ತಡವರಿಸದೆ ಹರಿಯಿತು. ಹೊರಗೆ ಗಡಿಯಾರಪ್ಪ ಧೂಳು ಮೆತ್ತಿದ ಮೀಸೆಯನ್ನು ಒರೆಸದೆ, ಯುದ್ಧ ಗೆದ್ದು ಬಂದವನಂತೆ ಕಾಲು ಚಾಚಿ ಕೂತ.

"ಕಂಪನಿಯವನು ಹತ್ತು ನಿಮಿಷ ಅಂದ. ಇವ್ರನ್ನ ನಂಬ್ಕೊಂಡ್ರೆ ಆಯ್ತು ಕಥೆ."

ನರ್ಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಐದು ಗಂಟೆಗೆ ಕೋಣೆಯ ಬಾಗಿಲು ತೆರೆಯಿತು. "ಸೋಮವಾರದಿಂದ್ಲೇ ಹೆಡ್‌ಮಿಸ್ ಆಗಿ ಬನ್ನಿ ಅಂದ್ರು!" ಎಂದಳು.

"ಯಾರು ಹಾಕಿದ ನೆಟ್ ಅದು, ಹೇಳು?" ಎಂದು ಅವನು ಎದೆ ಉಬ್ಬಿಸುವುದಕ್ಕೂ ಕಂಪನಿಯವನು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಸರಿಹೋಯಿತು.

"ಅಕ್ಕ ಫೋನ್ ಮಾಡಿದ್ರು ಸಾರ್. ಬಚ್ಚಲಿಂದ," ಎಂದು ಅವನು ಮೇಜಿನ ಕೆಳಗೆ ಬಗ್ಗಿದ. "ಈ ವೈರಿನ ಒಂದು ತುದಿ ಎಲ್ಲಿದೆ ಸಾರ್?"

"ಬಿಳಿ ಪೆಟ್ಟಿಗೇಲಿ."

"ಇನ್ನೊಂದು?"

ಗಡಿಯಾರಪ್ಪ ಮಸೂರ ಸಿಕ್ಕಿಸಿಕೊಂಡು, ವೈರಿನ ಮೇಲೆ ಬೆರಳಿಟ್ಟು ಹೊರಟ. ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ಮುಟ್ಟಿದ.

"ಬಿಳಿ ಪೆಟ್ಟಿಗೇಲಿ," ಎಂದ ಮೆಲ್ಲಗೆ.

"ಮತ್ತೆ ಇಂಟರ್‌ವ್ಯೂ?" ಎಂದು ಹೆಂಡತಿಯ ಕಡೆ ತಿರುಗಿದ.

"ನಮ್ಮನೆ ನೆಟ್‌ನಲ್ಲಿ," ಎಂದಳು ನರ್ಸಮ್ಮ. "ನಡುವೆ ಇರೋದು ಒಂದೇ ಗೋಡೆ ತಾನೆ? ನಿನ್ನ ಹೆಂಡ್ತಿ ಕೇಳಿದ್ಲು, ಕೊಟ್ಟೆ. ನೀನು ಕೇಳ್ಲಿಲ್ಲ."

ಕಂಪನಿಯವನು ವೈರಿನ ಒಂದು ತುದಿಯನ್ನು ಕಪ್ಪು ಪೆಟ್ಟಿಗೆಗೂ ಇನ್ನೊಂದನ್ನು ಬಿಳಿಯದರ ನೀಲಿ ತೂತಿಗೂ ಸಿಕ್ಕಿಸಿದ. ಬಿಳಿ ಪೆಟ್ಟಿಗೆಯ ಮೇಲೆ ಹಸಿರು ದೀಪವೊಂದು ತಣ್ಣಗೆ ನಿಂತು ಉರಿಯಿತು. ಹೊಸ ಪಾಸ್‌ವರ್ಡನ್ನು ಹೆಂಡತಿಯೇ ನಗುನಗುತ್ತ ಒತ್ತಿದಳು.

ಗಡಿಯಾರಪ್ಪ ಫೋನ್ ತೆಗೆದು, "ಪಾಸ್‌ವರ್ಡ್ ಹೇಳೇ," ಎಂದ.

"ನಾನೇ ಮಾಡ್ತೀನಿ."

ಹುಟ್ಟಿದಂದಿನಿಂದ ಮೊದಲ ಸಲ ಅವನು ಸೋಲೊಪ್ಪಿಕೊಂಡು ಫೋನನ್ನು ಅವಳತ್ತ ಚಾಚಿದ. "ಆಯ್ತು ತಾಯೀ, ನೀನೇ ಮಾಡು."

"ಅಯ್ಯೋ, ನಾನು ಮಾಡ್ತೀನಿ ಅಂದಿಲ್ಲ ಕಣ್ರೀ. ಪಾಸ್‌ವರ್ಡೇ ಅದು!"

ಹಸಿರು ದೀಪ ಉರಿಯುತ್ತಲೇ ಇತ್ತು. ಪ್ಲಂಬರು ಕ್ಯಾಲೆಂಡರಿನ ಇನ್ನೊಂದು ಹಾಳೆ ಹರಿದು, ಪೆನ್ಸಿಲಿಗೆ ಎಂಜಲು ಹಚ್ಚಿ, ಪಕ್ಕದಲ್ಲಿ ಕೂತ.

"ಅಣ್ಣಾ, 'ನಾ'ಗೆ 'ಎ' ಒಂದೋ, ಎರಡೋ?"